ಪಾಯಿಂಟ್‌ನಿಂದ ಎಲೆಕ್ಟ್ರಾನಿಕ್‌ಗೆ: ಹಳೆಯ ಕಾರಿನ ಕಿಡಿ, ಮಾಲೀಕರ ಲೆಕ್ಕ

ತುಮಕೂರು ನಗರದ ವರ್ತಕ ಕುಟುಂಬಗಳ ಮನೆಯಂಗಳದಲ್ಲಿ, ಗುಬ್ಬಿಯ ತೆಂಗಿನ ತೋಟದ ಮನೆಗಳಲ್ಲಿ, ಕುಣಿಗಲ್ ಕಡೆಯ ಹಳೆಯ ಗೋದಾಮುಗಳ ಮೂಲೆಯಲ್ಲಿ ಅಂಬಾಸಿಡರ್ ಕಾರೊಂದು, ಪ್ರೀಮಿಯರ್ ಪದ್ಮಿನಿಯೊಂದು ಅಥವಾ ಪೆಟ್ರೋಲ್ ಜೀಪೊಂದು ಇಂದಿಗೂ ನಿಂತಿರುವುದು ಅಪರೂಪದ ದೃಶ್ಯವೇನಲ್ಲ. ಕೊಬ್ಬರಿ ಮಂಡಿಗೆ, ಅಕ್ಕಿ ಗಿರಣಿಗೆ, ಬ್ಯಾಂಕಿಗೆ, ಮದುವೆ ದಿಬ್ಬಣಕ್ಕೆ ದಶಕಗಳ ಕಾಲ ಓಡಾಡಿದ ಈ ವಾಹನಗಳು ಈಗ ಆದಾಯದ ಸಾಧನಗಳಾಗಿ ಉಳಿದಿಲ್ಲ. ಆದರೂ ಅವುಗಳನ್ನು ಗುಜರಿಗೆ ಹಾಕಲು ಮನಸ್ಸು ಬಾರದ ಮಾಲೀಕರು ವರ್ಷಕ್ಕೆ ಹಲವು ಬಾರಿಯಾದರೂ ಅವುಗಳನ್ನು ಹೊರತೆಗೆದು ಓಡಿಸುತ್ತಾರೆ. ಹಾಗೆ ಹೊರತೆಗೆದ ದಿನ ಕಾರು ಸ್ಟಾರ್ಟ್ ಆಗದೆ ಮೊಂಡು ಹಿಡಿದರೆ, ಹತ್ತರಲ್ಲಿ ಹಲವು ಸಲ ದೋಷ ಕಂಡುಬರುವುದು ಒಂದೇ ಕಡೆ: ಗ್ಯಾರೇಜುಗಳ ಭಾಷೆಯಲ್ಲಿ ಸಿ.ಬಿ. ಪಾಯಿಂಟ್ ಎಂದು ಕರೆಯಲಾಗುವ, ಬೆರಳಿನಷ್ಟೂ ಉದ್ದವಿಲ್ಲದ ಒಂದು ಸ್ವಿಚ್ಚಿನಲ್ಲಿ.

ಈ ಪಾಯಿಂಟನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸುವ ಕಿಟ್‌ಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಮೈಲೇಜ್ ಹೆಚ್ಚುತ್ತದೆ, ಪಿಕಪ್ ಹೆಚ್ಚುತ್ತದೆ, ಮತ್ತೆಂದೂ ಬಾನೆಟ್ ತೆರೆಯಬೇಕಾಗಿಲ್ಲ ಎಂಬುದು ಮಾರಾಟಗಾರರ ವಾದ. ಇದ್ದದ್ದನ್ನು ಕೆಡಿಸಬೇಡಿ, ದಾರಿಯಲ್ಲಿ ಕೈಕೊಟ್ಟರೆ ಯಾರೂ ದಿಕ್ಕಿಲ್ಲ ಎಂಬುದು ಹಿರಿಯ ಮೆಕ್ಯಾನಿಕ್‌ಗಳ ವಾದ. ಎರಡರಲ್ಲಿಯೂ ಅರ್ಧ ಸತ್ಯವಿದೆ. ಮಾಲೀಕರು ತಾವು ತೆರುವ ಹಣಕ್ಕೆ ಪ್ರತಿಯಾಗಿ ಏನನ್ನು ಪಡೆಯುತ್ತಾರೆ, ಏನನ್ನು ಪಡೆಯುವುದಿಲ್ಲ ಎಂಬುದನ್ನು ಯಂತ್ರದ ದೃಷ್ಟಿಯಿಂದಲೂ ಲೆಕ್ಕಪತ್ರದ ದೃಷ್ಟಿಯಿಂದಲೂ ಪರಿಶೀಲಿಸುವುದು ಅಗತ್ಯ.

ನೂರು ವರ್ಷಗಳ ಕಿಡಿ

ಪೆಟ್ರೋಲ್ ಎಂಜಿನ್‌ನ ಸಿಲಿಂಡರಿನೊಳಗೆ ಇಂಧನ ಮತ್ತು ಗಾಳಿಯ ಮಿಶ್ರಣಕ್ಕೆ ಬೆಂಕಿ ತಗಲಿಸಲು 12 ವೋಲ್ಟ್‌ಗಳ ಬ್ಯಾಟರಿ ಸಾಲದು. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಸಾವಿರಾರು ವೋಲ್ಟ್‌ಗಳ ಒತ್ತಡ ಬೇಕು. ಈ ಸಮಸ್ಯೆಗೆ ಬಹುಕಾಲ ಬಾಳಿದ ಪರಿಹಾರವನ್ನು ಒದಗಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1909ರಲ್ಲಿ ಅವರು ಡೇಟನ್ ನಗರದಲ್ಲಿ ಸಹೋದ್ಯಮಿಗಳೊಂದಿಗೆ ಸ್ಥಾಪಿಸಿದ ಡೆಲ್ಕೊ ಸಂಸ್ಥೆಯ ಇಗ್ನಿಷನ್ ವ್ಯವಸ್ಥೆಯನ್ನು ಕ್ಯಾಡಿಲಾಕ್ ಕಂಪನಿ ತನ್ನ 1910ರ ಕಾರುಗಳಲ್ಲಿ ಬಳಸಿತು. ದಕ್ಷಿಣ ಭಾರತದ ಅನೇಕ ಗ್ಯಾರೇಜುಗಳಲ್ಲಿ ಡಿಸ್ಟ್ರಿಬ್ಯೂಟರಿಗೆ ಇಂದಿಗೂ ‘ಡೆಲ್ಕೊ’ ಎಂಬ ಹೆಸರೇ ಬಳಕೆಯಲ್ಲಿದೆ.

ವ್ಯವಸ್ಥೆಯ ಕಾರ್ಯವಿಧಾನ ಸರಳವಾದುದು. ಬ್ಯಾಟರಿಯ ವಿದ್ಯುತ್ತು ಕಾಯಿಲ್‌ನ ಮೊದಲ ಸುತ್ತಿನ ಮೂಲಕ ಹರಿದು, ಮುಚ್ಚಿಕೊಂಡಿರುವ ಪಾಯಿಂಟ್ ಮೂಲಕ ಕಾರಿನ ಬಾಡಿಗೆ ಇಳಿಯುತ್ತದೆ. ಈ ಅವಧಿಯಲ್ಲಿ ಕಾಯಿಲ್‌ನೊಳಗೆ ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರಿನ ಕ್ಯಾಮ್ ತಿರುಗಿ ಪಾಯಿಂಟನ್ನು ತೆರೆದೊಡನೆ ಪ್ರವಾಹ ಕಡಿದು, ಕಾಂತಕ್ಷೇತ್ರ ಕುಸಿದು, ಸಾವಿರಾರು ಸುರುಳಿಗಳಿರುವ ಎರಡನೆಯ ಸುತ್ತಿನಲ್ಲಿ ಅಧಿಕ ಒತ್ತಡದ ವಿದ್ಯುತ್ತು ಹುಟ್ಟುತ್ತದೆ. ರೋಟರ್ ಅದನ್ನು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತದೆ. ಪಾಯಿಂಟ್ ತೆರೆಯುವಾಗ ಅದರ ತುದಿಗಳ ನಡುವೆ ಕಿಡಿ ಹಾರದಂತೆ ತಡೆದು, ಕಾಂತಕ್ಷೇತ್ರದ ಕುಸಿತವನ್ನು ಚುರುಕುಗೊಳಿಸುವುದು ಕಂಡೆನ್ಸರ್‌ನ ಕೆಲಸ.

ಭಾರತದಲ್ಲಿ ಈ ವ್ಯವಸ್ಥೆಗೆ ಬೇಕಾದ ಭಾಗಗಳ ತಯಾರಿಕೆ ಸ್ವಾತಂತ್ರ್ಯಾನಂತರದ ಕೈಗಾರಿಕಾ ಬೆಳವಣಿಗೆಯೊಂದಿಗೇ ಆರಂಭವಾಯಿತು. 1951ರಲ್ಲಿ ಸ್ಥಾಪನೆಯಾದ, ನಾಡಿನ ಜನರು ಮೈಕೋ ಎಂದೇ ಬಲ್ಲ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸಿತು; 2008ರಲ್ಲಿ ಅದರ ಹೆಸರು ಬಾಷ್ ಎಂದು ಬದಲಾಯಿತು. ಮದರಾಸಿನ ಪಾಡಿಯಲ್ಲಿ ಆರಂಭವಾದ ಲೂಕಾಸ್-ಟಿ.ವಿ.ಎಸ್. ಸಂಸ್ಥೆ ಡಿಸ್ಟ್ರಿಬ್ಯೂಟರು, ಡೈನಮೊ, ಸ್ಟಾರ್ಟರುಗಳಿಗೆ ಹೆಸರಾಯಿತು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಆರಂಭದ ಕಾರುಗಳಲ್ಲಿಯೂ ಪಾಯಿಂಟ್ ವ್ಯವಸ್ಥೆಯೇ ಇತ್ತು. 2000ದ ನಂತರ ಹೊಗೆ ನಿಯಂತ್ರಣದ ಮಾನದಂಡಗಳು ಬಿಗಿಯಾದಂತೆ ಕಾರ್ಬುರೇಟರೂ ಪಾಯಿಂಟೂ ಹೊಸ ಕಾರುಗಳಿಂದ ಮರೆಯಾದವು. 2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು.

ಸವೆತ ಎಲ್ಲಿ, ನಷ್ಟ ಎಲ್ಲಿ?

ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತು ತಿರುಗಿದಾಗ 2 ಕಿಡಿಗಳು ಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ ನಿಮಿಷಕ್ಕೆ 4,000 ಕಿಡಿಗಳಾದವು. ಆ ವೇಗದಲ್ಲಿ 1 ಕಿ.ಮೀ. ಕ್ರಮಿಸಲು 1.2 ನಿಮಿಷ ಬೇಕಾಗುವುದರಿಂದ ಕಿ.ಮೀ.ಗೆ 4,800 ಕಿಡಿಗಳು. 5,000 ಕಿ.ಮೀ. ಓಡುವಷ್ಟರಲ್ಲಿ ಆ ಪುಟ್ಟ ಸ್ವಿಚ್ಚು 2.4 ಕೋಟಿ ಬಾರಿ ತೆರೆದು ಮುಚ್ಚಿರುತ್ತದೆ. ಪ್ರತಿ ಬಾರಿಯೂ ಅದು ಸುಮಾರು 4 ಆಂಪಿಯರ್ ಪ್ರವಾಹವನ್ನು ಕಡಿಯುತ್ತದೆ. ಯಾವುದೇ ಲೋಹ ಇಷ್ಟು ದುಡಿದ ಮೇಲೆ ಸವೆಯದಿರುವುದು ಸಾಧ್ಯವಿಲ್ಲ.

ಸವೆತವು ಎರಡು ಬಗೆಯದು. ಮೊದಲನೆಯದು ಪಾಯಿಂಟಿನ ತುದಿಗಳು ಸುಟ್ಟು, ಒಂದು ಕಡೆ ಗುಳಿ ಬಿದ್ದು ಇನ್ನೊಂದು ಕಡೆ ಮೊಳಕೆಯಂತೆ ಲೋಹ ಕೂಡಿಕೊಳ್ಳುವುದು. ಎರಡನೆಯದು ಕ್ಯಾಮಿಗೆ ಉಜ್ಜುವ ಫೈಬರ್ ಪಾದ ಸವೆಯುವುದು. ಪಾದ ಸವೆದಂತೆ ಪಾಯಿಂಟಿನ ಅಂತರ ಕಿರಿದಾಗುತ್ತದೆ. ಅಂತರ ಕಿರಿದಾದಂತೆ ಪಾಯಿಂಟ್ ತಡವಾಗಿ ತೆರೆಯುತ್ತದೆ. ಅಂದರೆ ಕಿಡಿ ತಡವಾಗುತ್ತದೆ. ಡಿಸ್ಟ್ರಿಬ್ಯೂಟರಿನಲ್ಲಿ 1 ಡಿಗ್ರಿ ವ್ಯತ್ಯಾಸವೆಂದರೆ ಕ್ರ್ಯಾಂಕ್‌ನಲ್ಲಿ 2 ಡಿಗ್ರಿ. ಲೂಕಾಸ್ ಮಾದರಿಯ ಡಿಸ್ಟ್ರಿಬ್ಯೂಟರ್ ಇರುವ ಹಳೆಯ 1489 ಸಿ.ಸಿ. ಅಂಬಾಸಿಡರ್‌ಗೆ ಈ ಅಂತರ 0.35ರಿಂದ 0.40 ಮಿ.ಮೀ. ಇರಬೇಕು. ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಹೆಚ್ಚುಕಡಿಮೆಗೆ ಮಾತ್ರ ಅಲ್ಲಿ ಅವಕಾಶ. ಫೀಲರ್ ಗೇಜ್ ಹಿಡಿದು ಇದನ್ನು ಸರಿಪಡಿಸುವುದಕ್ಕೇ ‘ಪಾಯಿಂಟ್ ಸೆಟ್ ಮಾಡುವುದು’ ಎನ್ನುತ್ತಾರೆ.

ಕಾರು ನಿತ್ಯ ಓಡುತ್ತಿದ್ದ ಕಾಲದಲ್ಲಿ ಈ ಸವೆತವೊಂದೇ ಚಿಂತೆಯಾಗಿತ್ತು. ಈಗ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಮಳೆಗಾಲದ ತೇವಕ್ಕೆ ಪಾಯಿಂಟಿನ ತುದಿಗಳ ಮೇಲೆ ಕಿಲುಬಿನ ಪದರ ಕೂಡುತ್ತದೆ. ತೋಟದ ದಾರಿಯ ಧೂಳು ಕ್ಯಾಮಿನ ಗ್ರೀಸಿಗೆ ಸೇರಿ ಫೈಬರ್ ಪಾದವನ್ನು ಅರೆಯುತ್ತದೆ. ಹೊಸದಾಗಿ ದೊರೆಯುವ ಪಾಯಿಂಟು, ಕಂಡೆನ್ಸರ್‌ಗಳ ಗುಣಮಟ್ಟವೂ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಹೀಗಾಗಿ, ಕಡಿಮೆ ಓಡಿದರೆ ಕಡಿಮೆ ತೊಂದರೆ ಎಂಬ ಸಹಜ ನಿರೀಕ್ಷೆ ಪಾಯಿಂಟಿನ ವಿಷಯದಲ್ಲಿ ಹುಸಿಯಾಗುತ್ತದೆ.

ಮಾರುಕಟ್ಟೆಯ ಮೂರು ಬಗೆಗಳು

ಪಾಯಿಂಟಿಗೆ ಪರ್ಯಾಯವಾಗಿ ಬಂದಿರುವ ಸಾಧನಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದರಲ್ಲಿ ಪಾಯಿಂಟ್ ಹಾಗೆಯೇ ಉಳಿಯುತ್ತದೆ. ಕಾಯಿಲ್‌ನ ಪ್ರವಾಹವನ್ನು ಕಡಿಯುವ ಭಾರವನ್ನು ಟ್ರಾನ್ಸಿಸ್ಟರ್ ವಹಿಸಿಕೊಂಡು, ಪಾಯಿಂಟಿನ ಮೂಲಕ ಅತ್ಯಲ್ಪ ಪ್ರವಾಹ ಮಾತ್ರ ಹರಿಯುತ್ತದೆ. ತುದಿಗಳು ಸುಡುವುದು ನಿಲ್ಲುತ್ತದೆ. ಫೈಬರ್ ಪಾದದ ಸವೆತ ನಿಲ್ಲುವುದಿಲ್ಲ. ಇದರ ಹೆಚ್ಚುಗಾರಿಕೆಯೆಂದರೆ ಟ್ರಾನ್ಸಿಸ್ಟರ್ ಕೆಟ್ಟರೆ ಎರಡು ತಂತಿ ಬದಲಿಸಿ ಹಳೆಯ ಪದ್ಧತಿಗೆ ಮರಳಬಹುದು.

ಎರಡನೆಯದು ಇಂದು ಹೆಚ್ಚು ಪ್ರಚಲಿತವಾಗಿರುವ ಬಗೆ. ಪಾಯಿಂಟು, ಕಂಡೆನ್ಸರುಗಳನ್ನು ತೆಗೆದು, ಕ್ಯಾಮಿನ ಮೇಲೆ ಆಯಸ್ಕಾಂತಗಳಿರುವ ಉಂಗುರವೊಂದನ್ನು ಕೂಡಿಸಿ, ಪಕ್ಕದಲ್ಲಿ ಪುಟ್ಟ ಮಾಡ್ಯೂಲನ್ನು ಸ್ಕ್ರೂ ಮಾಡಲಾಗುತ್ತದೆ. ಆಯಸ್ಕಾಂತ ಹಾದುಹೋದುದನ್ನು ಮಾಡ್ಯೂಲ್ ಗ್ರಹಿಸಿ ಪ್ರವಾಹವನ್ನು ಕಡಿಯುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಎಂಬ ವಿಜ್ಞಾನಿ ಕಂಡುಹಿಡಿದ ಪರಿಣಾಮವೇ ಇದಕ್ಕೆ ಆಧಾರ. ಒಂದಕ್ಕೊಂದು ಉಜ್ಜುವ ಭಾಗಗಳೇ ಇಲ್ಲದಿರುವುದರಿಂದ ಅಂತರ ಬದಲಾಗುವ ಪ್ರಶ್ನೆ ಬರುವುದಿಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ಹಾಕಿದ ಮೇಲೆ ಹೊರನೋಟಕ್ಕೆ ಬದಲಾವಣೆ ಕಾಣುವುದೂ ಇಲ್ಲ. ಅಮೆರಿಕದ ಪರ್ಟ್ರಾನಿಕ್ಸ್ ಈ ಬಗೆಯ ಪ್ರಸಿದ್ಧ ತಯಾರಕ ಸಂಸ್ಥೆಗಳಲ್ಲಿ ಒಂದು.

ಮೂರನೆಯದು ಇಡೀ ಡಿಸ್ಟ್ರಿಬ್ಯೂಟರನ್ನೇ ಬದಲಿಸುವುದು. ನೆದರ್ಲೆಂಡ್ಸ್‌ನ 123 ಇಗ್ನಿಷನ್ ಎಂಬ ಹೆಸರಿನ ಸಾಧನ ಇದಕ್ಕೆ ಉದಾಹರಣೆ. ಎಂಜಿನ್‌ನ ವೇಗ ಹೆಚ್ಚಿದಂತೆ ಕಿಡಿಯನ್ನು ಎಷ್ಟು ಮುಂಚಿತವಾಗಿ ಕೊಡಬೇಕೆಂಬ ಲೆಕ್ಕವನ್ನು ಹಳೆಯ ಡಿಸ್ಟ್ರಿಬ್ಯೂಟರಿನಲ್ಲಿ ತೂಕದ ತುಂಡುಗಳೂ ಸ್ಪ್ರಿಂಗ್‌ಗಳೂ ಮಾಡಿದರೆ, ಇಲ್ಲಿ ಚಿಪ್‌ನ ಸ್ಮೃತಿಯಲ್ಲಿರುವ ಕೋಷ್ಟಕ ಮಾಡುತ್ತದೆ. ಮೂರರಲ್ಲಿ ಇದೇ ಅತ್ಯಂತ ದುಬಾರಿಯಾದುದು.

ಕೈಗಡಿಯಾರದ ಹೋಲಿಕೆ

ತುಮಕೂರಿನ ವಾಚಕರಿಗೆ ಈ ಬದಲಾವಣೆಯನ್ನು ಅರ್ಥ ಮಾಡಿಕೊಳ್ಳಲು ಹತ್ತಿರದ ಹೋಲಿಕೆಯೊಂದಿದೆ. 1978ರಲ್ಲಿ ನಗರದಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ ಸಾವಿರಾರು ಕುಟುಂಬಗಳಿಗೆ ಸೂಕ್ಷ್ಮ ಯಂತ್ರಕೌಶಲವನ್ನು ಕಲಿಸಿತು. ಕೀಲಿ ಕೊಡುವ ಗಡಿಯಾರದಿಂದ ಕ್ವಾರ್ಟ್ಜ್ ಗಡಿಯಾರಕ್ಕೆ ಮಾರುಕಟ್ಟೆ ಹೊರಳಿದುದನ್ನು ಈ ಊರು ಒಳಗಿನಿಂದಲೇ ಕಂಡಿದೆ. ಎಚ್.ಎಂ.ಟಿ. ಕೈಗಡಿಯಾರ ಸಂಸ್ಥೆಯನ್ನು ಮುಚ್ಚುವ ನಿರ್ಧಾರ 2016ರಲ್ಲಿ ಹೊರಬಿತ್ತು.

ಕ್ವಾರ್ಟ್ಜ್ ಗಡಿಯಾರ ದಿನದ 24 ಗಂಟೆಗಳನ್ನು 25 ಮಾಡಲಿಲ್ಲ. ಹೊಸದಾಗಿ ಸರಿಪಡಿಸಿದ ಕೀಲಿ ಗಡಿಯಾರ ತೋರುವ ಸಮಯವನ್ನೇ ಅದು ಪ್ರತಿದಿನ, ಕೀಲಿಯ ಹಂಗಿಲ್ಲದೆ ತೋರಿತು. ಎಲೆಕ್ಟ್ರಾನಿಕ್ ಇಗ್ನಿಷನ್ ಕಾರಿಗೆ ಮಾಡುವ ಉಪಕಾರವೂ ಇಷ್ಟೇ. ಈಗತಾನೇ ಸರಿಯಾಗಿ ಸೆಟ್ ಮಾಡಿದ ಪಾಯಿಂಟ್ ಇರುವ ಎಂಜಿನ್ ಸಾಮಾನ್ಯ ವೇಗದಲ್ಲಿ ಎಷ್ಟು ಶಕ್ತಿ ಕೊಡುವುದೋ ಅಷ್ಟನ್ನೇ ಎಲೆಕ್ಟ್ರಾನಿಕ್ ಅಳವಡಿಸಿದ ಎಂಜಿನ್ನೂ ಕೊಡುತ್ತದೆ. ವ್ಯತ್ಯಾಸ ಕಾಣುವುದು 5,000 ಕಿ.ಮೀ. ಅಥವಾ ಒಂದು ಮಳೆಗಾಲ ಕಳೆದ ಮೇಲೆ: ಮೊದಲನೆಯದು ಇಳಿದಿರುತ್ತದೆ, ಎರಡನೆಯದು ಇದ್ದಲ್ಲಿಯೇ ಇರುತ್ತದೆ. ಕಿಟ್ ಹಾಕಿಸಿದ ದಿನವೇ ಕಾರು ಹೊಸ ಹುರುಪಿನಿಂದ ಓಡಿತೆಂದರೆ, ಅದಕ್ಕೆ ಮುಂಚೆ ಪಾಯಿಂಟ್ ಬಹುಕಾಲ ಕಡೆಗಣಿಸಲ್ಪಟ್ಟಿತ್ತೆಂಬ ಸಂಭವವೇ ಹೆಚ್ಚು.

ಲೆಕ್ಕ ಏನು ಹೇಳುತ್ತದೆ?

ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳಬಹುದು; ವಾಚಕರು ತಮ್ಮ ಊರಿನ ದರಗಳನ್ನು ಇವುಗಳ ಜಾಗದಲ್ಲಿಟ್ಟು ನೋಡಬೇಕು. ಎರಡನೆಯ ಬಗೆಯ ಕಿಟ್ ಮತ್ತು ಅಳವಡಿಕೆಗೆ 6,000 ರೂ., ಪಾಯಿಂಟ್ ಮತ್ತು ಕಂಡೆನ್ಸರ್ ಬದಲಿಸಲು ಕೂಲಿ ಸೇರಿ ಪ್ರತಿ ಬಾರಿ 750 ರೂ., 8,000 ಕಿ.ಮೀ.ಗೆ ಒಮ್ಮೆ ಬದಲಾವಣೆ ಎಂದಿಟ್ಟುಕೊಳ್ಳೋಣ. ಕಿಟ್‌ನ ಹಣ ಮರಳಬೇಕಾದರೆ 8 ಬದಲಾವಣೆಗಳು, ಅಂದರೆ 64,000 ಕಿ.ಮೀ. ಓಟ ಉಳಿಯಬೇಕು. ಬಾಡಿಗೆಗೆ ವರ್ಷಕ್ಕೆ 16,000 ಕಿ.ಮೀ. ಓಡುವ ಕಾರಿಗೆ ಇದು 4 ವರ್ಷಗಳ ಮಾತು. ತಿಂಗಳಿಗೆ 200 ಕಿ.ಮೀ. ಓಡುವ ಮನೆಯ ಕಾರಿಗೆ 26 ವರ್ಷಗಳಿಗೂ ಮೀರಿದ ಮಾತು. ನಿಂತಲ್ಲೇ ಕೆಡುವುದರಿಂದ ವರ್ಷಕ್ಕೊಮ್ಮೆ ಬದಲಿಸಲೇಬೇಕೆಂದು ಭಾವಿಸಿದರೂ ಹಣ ಮರಳಲು 8 ವರ್ಷಗಳು ಬೇಕು.

ಇಂಧನದ ಉಳಿತಾಯವನ್ನು ನೋಡೋಣ. ವರ್ಷಕ್ಕೆ 2,400 ಕಿ.ಮೀ., ಲೀಟರಿಗೆ 10 ಕಿ.ಮೀ. ಎಂದರೆ 240 ಲೀಟರ್. ಸವೆದ ಪಾಯಿಂಟಿನಿಂದ 50 ಕಿಡಿಗಳಲ್ಲಿ 1 ತಪ್ಪಿ, ಇಂಧನದ ಶೇ. 2ರಷ್ಟು ಉರಿಯದೆ ಪೋಲಾಗುತ್ತದೆಂದು ಭಾವಿಸಿದರೆ ನಷ್ಟ 4.8 ಲೀಟರ್, ಲೀಟರಿಗೆ 100 ರೂ.ನಂತೆ ವರ್ಷಕ್ಕೆ 480 ರೂ. ಪಾಯಿಂಟನ್ನು ಕಾಲಕಾಲಕ್ಕೆ ಸರಿಪಡಿಸುತ್ತಿದ್ದ ಮಾಲೀಕರಿಗೆ ಈ 480 ರೂ. ಉಳಿತಾಯವೂ ಇಲ್ಲ. ಆದ್ದರಿಂದ ಕಡಿಮೆ ಓಡುವ ಕಾರಿನ ಮಟ್ಟಿಗೆ, ಮೈಲೇಜಿನ ಆಸೆಯಿಂದ ಕಿಟ್ ಕೊಳ್ಳುವುದು ಲೆಕ್ಕಕ್ಕೆ ನಿಲ್ಲದ ಮಾತು.

ಹಾಗಾದರೆ ಹಣ ತೆರುವುದು ಯಾವುದಕ್ಕೆ? ದಾರಿಯಲ್ಲಿ ನಿಲ್ಲದಿರುವುದಕ್ಕೆ. ಕುಣಿಗಲ್‌ನಿಂದ ತುಮಕೂರಿಗೆ ಸುಮಾರು 35 ಕಿ.ಮೀ. ಮಧ್ಯೆ ಹೆಬ್ಬೂರಿನ ಆಸುಪಾಸಿನಲ್ಲಿ ರಾತ್ರಿ ಕಾರು ನಿಂತರೆ ಎಳೆದು ತರಿಸಲು 3,000 ರೂ. ಎಂದಿಟ್ಟುಕೊಂಡರೂ, ಅಂತಹ ಎರಡು ರಾತ್ರಿಗಳು ತಪ್ಪಿದಲ್ಲಿ ಕಿಟ್‌ನ ಹಣ ಮರಳಿದಂತೆ. ಕಾರಿನಲ್ಲಿ ಹಿರಿಯರೂ ಮಕ್ಕಳೂ ಇದ್ದರೆ ಆ ರಾತ್ರಿಯ ಬೆಲೆಯನ್ನು ರೂಪಾಯಿಯಲ್ಲಿ ಹೇಳುವುದು ಕಷ್ಟ. ಈ ವೆಚ್ಚವನ್ನು ವಿಮೆಯ ಕಂತಿನ ಸಾಲಿನಲ್ಲಿ ಇಡಬೇಕೇ ಹೊರತು ಲಾಭ ತರುವ ಹೂಡಿಕೆಯ ಸಾಲಿನಲ್ಲಿ ಅಲ್ಲ.

ಎಲೆಕ್ಟ್ರಾನಿಕ್‌ನ ದೌರ್ಬಲ್ಯ

ವಿಮೆಗೂ ಷರತ್ತುಗಳಿರುವಂತೆ ಇದಕ್ಕೂ ಇವೆ. ಪಾಯಿಂಟ್ ಕೆಡುವುದು ನಿಧಾನವಾಗಿ. ಸ್ಟಾರ್ಟಿಂಗ್ ತೊಂದರೆ, ಎಳೆತದ ಕೊರತೆ ಮುಂತಾದ ಸೂಚನೆಗಳನ್ನು ಮೊದಲೇ ಕೊಡುತ್ತದೆ. ಕೆಟ್ಟಾಗಲೂ ಚಾಲಕರು ಬೆಂಕಿಪೊಟ್ಟಣದ ಗೀರುವ ಬದಿಯಿಂದ ತುದಿಗಳನ್ನು ಉಜ್ಜಿ ಊರು ಸೇರುತ್ತಿದ್ದರು. ಎಲೆಕ್ಟ್ರಾನಿಕ್ ಮಾಡ್ಯೂಲ್ ಸಾಮಾನ್ಯವಾಗಿ ಸೂಚನೆ ಕೊಡದೆ ಕೆಡುತ್ತದೆ. ಕೆಟ್ಟ ಮೇಲೆ ಅದನ್ನು ರಿಪೇರಿ ಮಾಡಲಾಗದು, ಬದಲಿಸಬೇಕಷ್ಟೆ. ಗುಬ್ಬಿಯಲ್ಲಾಗಲಿ ಕುಣಿಗಲ್‌ನಲ್ಲಾಗಲಿ ಅಂತಹ ಮಾಡ್ಯೂಲ್ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವುದೆಂದು ನಂಬಿ ಹೊರಡುವಂತಿಲ್ಲ.

ಇದಕ್ಕೆ ಪರಿಹಾರ ಸುಲಭವಾಗಿದೆ. ತೆಗೆದ ಪಾಯಿಂಟ್ ಪ್ಲೇಟನ್ನು, ಕಂಡೆನ್ಸರ್ ಸಮೇತ, ಅಂತರ ಸೆಟ್ ಮಾಡಿ, ಎಣ್ಣೆಕಾಗದದಲ್ಲಿ ಸುತ್ತಿ, ಒಂದು ಸ್ಕ್ರೂಡ್ರೈವರ್ ಮತ್ತು ಫೀಲರ್ ಗೇಜ್ ಜೊತೆಗೆ ಡಿಕ್ಕಿಯಲ್ಲಿ ಇಡುವುದು. ಕೆಲಸ ಬಲ್ಲವರು ಅರ್ಧ ಗಂಟೆಯಲ್ಲಿ ಹಳೆಯ ವ್ಯವಸ್ಥೆಯನ್ನು ಮರಳಿ ಕೂಡಿಸಬಲ್ಲರು. ಹಳೆಯ ಭಾಗಗಳನ್ನು ಗ್ಯಾರೇಜಿನಲ್ಲಿಯೇ ಬಿಟ್ಟು ಬರುವವರು ತಮ್ಮ ವಿಮೆಯ ಅರ್ಧವನ್ನು ಅಲ್ಲಿಯೇ ಬಿಟ್ಟು ಬಂದಂತೆ.

ಅಳವಡಿಸುವ ಮುನ್ನ ಪರೀಕ್ಷಿಸಬೇಕಾದುದು

ಕಿಟ್ ಕೊಳ್ಳುವ ಮೊದಲು ಡಿಸ್ಟ್ರಿಬ್ಯೂಟರಿನ ಶಾಫ್ಟನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲುಗಾಡಿಸಿ ನೋಡಬೇಕು. ಬುಷ್ ಸವೆದು ಶಾಫ್ಟ್ ಅಲುಗಾಡುತ್ತಿದ್ದರೆ ಮೊದಲು ಬುಷ್ ಹಾಕಿಸಬೇಕು. ಮುಂಚಿತ ಕಿಡಿಯನ್ನು ನಿಯಂತ್ರಿಸುವ ತೂಕದ ತುಂಡುಗಳು ತುಕ್ಕು ಹಿಡಿದಿದ್ದರೆ, ಸ್ಪ್ರಿಂಗ್ ಸಡಿಲವಾಗಿದ್ದರೆ, ವ್ಯಾಕ್ಯೂಮ್ ಘಟಕದ ಪೊರೆ ಹರಿದಿದ್ದರೆ ಎರಡನೆಯ ಬಗೆಯ ಕಿಟ್ ಅದಾವುದನ್ನೂ ಸರಿಪಡಿಸುವುದಿಲ್ಲ. ಮುಚ್ಚಳದ ಬಿರುಕು, ಒಳಗಿನ ಕಾರ್ಬನ್ ಬ್ರಷ್‌ನ ಸವೆತ, ರೋಟರಿನ ಸುಟ್ಟ ತುದಿ ಇವುಗಳೂ ಹಾಗೆಯೇ ಉಳಿಯುತ್ತವೆ.

ಅನಂತರ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹಳೆಯ ಬ್ರಿಟಿಷ್ ವಿನ್ಯಾಸದ ಅನೇಕ ಕಾರುಗಳಲ್ಲಿ ಧನ ತುದಿ ಬಾಡಿಗೆ ಸೇರಿರುತ್ತಿತ್ತು. ಅದಕ್ಕೆ ತಕ್ಕ ಕಿಟ್ಟನ್ನೇ ಕೇಳಿ ಪಡೆಯಬೇಕು. ತಂತಿಗಳು ಅದಲುಬದಲಾದರೆ ಮಾಡ್ಯೂಲ್ ಕ್ಷಣಮಾತ್ರದಲ್ಲಿ ಸುಡುತ್ತದೆ. ಕಾಯಿಲ್‌ನ ರೋಧವನ್ನೂ ಮೀಟರಿನಲ್ಲಿ ಅಳೆಯಬೇಕು. 3 ಓಮ್ ಕಾಯಿಲ್‌ಗೆ 12 ವೋಲ್ಟ್ ಕೊಟ್ಟರೆ 4 ಆಂಪಿಯರ್ ಹರಿಯುತ್ತದೆ, 1.5 ಓಮ್ ಕಾಯಿಲ್‌ಗೆ ನೇರವಾಗಿ ಕೊಟ್ಟರೆ 8 ಆಂಪಿಯರ್. ಎರಡನೆಯದನ್ನು ಅನೇಕ ಮಾಡ್ಯೂಲುಗಳು ತಾಳಲಾರವು. ಹಳೆಯ ಕಾಯಿಲ್ ಚೆನ್ನಾಗಿದ್ದರೂ ಕಿಟ್‌ನ ಸೂಚನೆಗೆ ಹೊಂದದಿದ್ದರೆ ಬದಲಿಸುವುದೇ ಕ್ಷೇಮ.

ಡೈನಮೊ ಇರುವ ಕಾರುಗಳಲ್ಲಿ ರೆಗ್ಯುಲೇಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಬ್ಯಾಟರಿ ದುರ್ಬಲವಾಗಿದ್ದು, ಸ್ಟಾರ್ಟರ್ ಎಳೆಯುವಾಗ ವೋಲ್ಟೇಜ್ ತೀರ ಕುಸಿದರೆ ಪಾಯಿಂಟ್ ಹೇಗೋ ಕಿಡಿ ಕೊಟ್ಟರೂ ಮಾಡ್ಯೂಲ್ ಕೊಡದಿರಬಹುದು. ಬಾಡಿಗೆ ಸೇರುವ ತಂತಿಯ ತುದಿಯನ್ನು ಬಣ್ಣ, ತುಕ್ಕು ಕೆರೆದು ಬಿಗಿಯಬೇಕು. ತಯಾರಕರು ಸೂಚಿಸಿದಲ್ಲಿ ಬರಿಯ ತಾಮ್ರದ ಪ್ಲಗ್ ವೈರುಗಳ ಬದಲು ರೋಧವಿರುವ ವೈರುಗಳನ್ನು ಹಾಕಬೇಕು. ಎಂಜಿನ್ ಓಡದಿರುವಾಗ ಇಗ್ನಿಷನ್ ಕೀಲಿಯನ್ನು ಆನ್ ಸ್ಥಿತಿಯಲ್ಲಿ ಬಿಡಬಾರದೆಂದು ಮನೆಯವರಿಗೆಲ್ಲ ತಿಳಿಸಬೇಕು. ಕಾಯಿಲ್ ಕಾದು ಮಾಡ್ಯೂಲ್ ಕೆಡಲು ಅದೂ ಒಂದು ಕಾರಣ.

ಅಳವಡಿಸಿದ ಮೇಲೆ ಟೈಮಿಂಗನ್ನು ಹೊಸದಾಗಿ, ಟೈಮಿಂಗ್ ಲೈಟ್ ಹಿಡಿದೇ ಕೊಡಿಸಬೇಕು. ಪಾಯಿಂಟ್ ಇದ್ದಾಗಿನ ಗುರುತು ಈಗ ಹೊಂದುವುದಿಲ್ಲ. ಮೊದಲ ಓಟ ಹತ್ತಿರದ್ದಾಗಿರಲಿ: ತುಮಕೂರಿನಿಂದ ಬಿ.ಎಚ್. ರಸ್ತೆಯಲ್ಲಿ ಗುಬ್ಬಿಗೆ ಹೋಗಿ ಹಿಂದಿರುಗುವ ಸುಮಾರು 40 ಕಿ.ಮೀ. ಸಾಕು. ಗುಬ್ಬಿಯಲ್ಲಿ ಬಿಸಿ ಎಂಜಿನ್ನನ್ನು ಕಾಲು ಗಂಟೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿ ನೋಡಬೇಕು, ಏಕೆಂದರೆ ಶಾಖದಿಂದ ಬರುವ ದೋಷಗಳು ಆಗಲೇ ಬಯಲಾಗುತ್ತವೆ. ಅದಾದ ಮೇಲೆ ದೂರದ ಪ್ರಯಾಣ.

ಇನ್ನೊಂದು ಎಚ್ಚರಿಕೆ. 2025ರ ವೇಳೆಗೆ ದೇಶದಾದ್ಯಂತ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಪದ್ಧತಿ ಬಂದಿದೆ. ಹಳೆಯ ರಬ್ಬರ್ ಪೈಪು, ಪಂಪಿನ ಪೊರೆ, ಕಾರ್ಬುರೇಟರಿನ ಜೆಟ್‌ಗಳು ಇದಕ್ಕಾಗಿ ರೂಪಿಸಿದವಲ್ಲ. ಇಂಧನದ ಕಡೆಯ ತೊಂದರೆಯನ್ನು ಕಿಡಿಯ ತೊಂದರೆಯೆಂದು ತಿಳಿದು ಕಿಟ್ ಕೊಂಡರೆ ಹಣವೂ ಹೋಗಿ ತೊಂದರೆಯೂ ಉಳಿಯುತ್ತದೆ.

ಕಾನೂನು ಮತ್ತು ತೆರಿಗೆ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಸಂಖ್ಯೆ, ಛಾಸಿ ಸಂಖ್ಯೆ, ಸಿ.ಸಿ., ಇಂಧನ, ಬಾಡಿಯ ಬಗೆ, ಆಸನಗಳ ಸಂಖ್ಯೆ ಮುಂತಾದವು ಆ ಪತ್ರದಲ್ಲಿರುತ್ತವೆ. ಕಿಡಿ ಪಾಯಿಂಟಿನಿಂದ ಬರುವುದೋ ಮಾಡ್ಯೂಲಿನಿಂದ ಬರುವುದೋ ಎಂಬ ವಿವರ ಇರುವುದಿಲ್ಲ.

ಆದರೆ 50 ವರ್ಷ ಮೀರಿದ ವಾಹನಗಳ ಮಾಲೀಕರು ಇನ್ನೂ ಒಂದು ಅಂಶವನ್ನು ಗಮನಿಸಬೇಕು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮಗಳನ್ನು ಪ್ರಕಟಿಸಿತು. ಅದರಂತೆ ಹೊಸ ನೋಂದಣಿಗೆ 20,000 ರೂ. ಶುಲ್ಕ, 10 ವರ್ಷಗಳ ಅವಧಿ, ‘ವಿ.ಎ.’ ಎಂಬ ಅಕ್ಷರಗಳಿರುವ ಸಂಖ್ಯೆ. ವಾಹನ ಮೂಲ ರೂಪದಲ್ಲಿರಬೇಕು. ಛಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೀಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯಕ್ಕಾಗಲಿ ಬಳಸುವಂತಿಲ್ಲ. ಈ ಮಾರ್ಗವನ್ನು ಆಯ್ದುಕೊಳ್ಳುವ ಉದ್ದೇಶವಿರುವವರು, ಯಾವ ರಂಧ್ರವನ್ನೂ ಕೊರೆಯದೆ ಕೂಡಿಸಿ ಯಾವ ಗುರುತೂ ಉಳಿಯದಂತೆ ತೆಗೆಯಬಹುದಾದ ಕಿಟ್ಟನ್ನೇ ಆರಿಸಿಕೊಂಡು, ತಪಾಸಣೆಗೆ ಮೂಲ ಪಾಯಿಂಟಿನೊಂದಿಗೆ ಹೋಗುವುದು ವಿವೇಕ.

ಸಾಮಾನ್ಯ ನೋಂದಣಿಯಲ್ಲಿಯೇ ಮುಂದುವರಿಯುವವರಿಗೆ 15 ವರ್ಷಗಳ ನಂತರದ ನವೀಕರಣ ಶುಲ್ಕ ಏರಿದೆ. 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂ. ಆಯಿತು, 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ 20 ವರ್ಷ ಮೀರಿದ ಲಘು ವಾಹನಕ್ಕೆ 10,000 ರೂ. ನಿಗದಿಯಾಯಿತು. ಹೊಗೆ ತಪಾಸಣೆಯಲ್ಲಿ ಭಾರತ್ ಸ್ಟೇಜ್-2ಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಇಂಗಾಲದ ಮಾನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1,500 ಪಿ.ಪಿ.ಎಂ. ಮಿತಿಯಿದೆ. ಕಿಡಿ ತಪ್ಪಿದಾಗ ಉರಿಯದ ಪೆಟ್ರೋಲ್ ಹೊಗೆಕೊಳವೆಗೆ ಹೋಗಿ ಎರಡನೆಯ ಅಂಕಿ ಏರುತ್ತದೆ. ತಪ್ಪದ ಕಿಡಿಯ ಪ್ರಯೋಜನ ಇಲ್ಲಿ ನೇರವಾಗಿ ಕಾಣುತ್ತದೆ.

ಕಾರು ಸಂಸ್ಥೆಯ ಲೆಕ್ಕಪುಸ್ತಕದಲ್ಲಿದ್ದರೆ ಕಿಟ್‌ನ ವೆಚ್ಚವನ್ನು ಎಲ್ಲಿ ತೋರಿಸಬೇಕೆಂಬ ಪ್ರಶ್ನೆ ಏಳುತ್ತದೆ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಒರೆಗಲ್ಲು ಇಲ್ಲಿ ನೆರವಿಗೆ ಬರುತ್ತದೆ: ಇರುವ ಆಸ್ತಿಯನ್ನು ಕಾಪಾಡುವ ವೆಚ್ಚ ರಿಪೇರಿ, ಹೊಸ ಆಸ್ತಿಯನ್ನು ಅಥವಾ ಹೊಸ ಅನುಕೂಲವನ್ನು ತರುವ ವೆಚ್ಚ ಬಂಡವಾಳ. ಸವೆದ ಪಾಯಿಂಟಿನ ಬದಲು ಹಾಕುವ ಸಣ್ಣ ಮಾಡ್ಯೂಲನ್ನು ರಿಪೇರಿ ಖಾತೆಗೆ ಹಾಕಲು ಸಮರ್ಥನೆಯಿದೆ; ಬಿಲ್ಲಿನಲ್ಲಿ ಬದಲಿಸಿದ ಭಾಗದ ವಿವರ ಬರೆಸುವುದು ಒಳಿತು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಏಕರೂಪವಾಗಿ ಶೇ. 18 ಜಿ.ಎಸ್.ಟಿ. ಅನ್ವಯವಾಗಿದೆ. ಮಾಲೀಕರ ಸ್ವಂತ ಓಡಾಟದ ಕಾರಿನ ರಿಪೇರಿ ಸೇವೆಯ ಮೇಲಿನ ತೆರಿಗೆಗೆ ವರ್ತಕರು ಸಾಮಾನ್ಯವಾಗಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯುವಂತಿಲ್ಲ.

ಕೈಕೌಶಲದ ಪ್ರಶ್ನೆ

ಈ ಎಲ್ಲ ಲೆಕ್ಕಗಳ ಹಿಂದೆ ಇನ್ನೊಂದು ಸಂಗತಿಯಿದೆ. ಕಿವಿಯಿಂದಲೇ ಟೈಮಿಂಗ್ ಅರಿಯಬಲ್ಲ, ಫೀಲರ್ ಗೇಜ್‌ನ ಎಳೆತದಿಂದಲೇ ಅಂತರ ಹೇಳಬಲ್ಲ ಮೆಕ್ಯಾನಿಕ್‌ಗಳಿಗೆ ಈಗ ವಯಸ್ಸಾಗಿದೆ. ಕೆಲಸಕ್ಕೆ ಹೊಸದಾಗಿ ಬರುವ ಯುವಕರು ಕಾರಿಗೆ ಸ್ಕ್ಯಾನರ್ ಜೋಡಿಸಿ ದೋಷದ ಸಂಕೇತ ಓದುವುದನ್ನು ಕಲಿತವರು. ಸಂಕೇತವನ್ನೇ ಕೊಡದ ಕಾರು ಅವರಿಗೆ ಅಪರಿಚಿತ. ಪಾಯಿಂಟ್ ಉಳಿಸಿಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆ ಹಲವು ಮಾಲೀಕರಿಗೆ ವಾಸ್ತವವಾಗಿ ಅದನ್ನು ಸೆಟ್ ಮಾಡುವವರು ಮುಂದೆಯೂ ಇರುತ್ತಾರೆಯೇ ಎಂಬ ಪ್ರಶ್ನೆಯೇ ಆಗಿದೆ.

ಇದರಲ್ಲಿ ಸಣ್ಣ ಉದ್ಯಮದ ಅವಕಾಶವೂ ಅಡಗಿದೆ. ಡಿಸ್ಟ್ರಿಬ್ಯೂಟರಿಗೆ ಬುಷ್ ಹಾಕುವುದು, ತೂಕದ ತುಂಡು ಮತ್ತು ಸ್ಪ್ರಿಂಗ್‌ಗಳನ್ನು ಸರಿಪಡಿಸುವುದು, ಕಾಯಿಲ್ ಅಳೆದು ಹೊಂದುವ ಕಿಟ್ ಕೂಡಿಸುವುದು, ಟೈಮಿಂಗ್ ಲೈಟಿನಿಂದ ಪರೀಕ್ಷಿಸಿ ಲಿಖಿತ ವರದಿ ಕೊಡುವುದು, ಇವಿಷ್ಟನ್ನೂ ಒಂದೇ ಸೂರಿನಡಿ ಮಾಡಲು ದೊಡ್ಡ ಬಂಡವಾಳ ಬೇಕಿಲ್ಲ. ಸಣ್ಣ ಲೇತ್, ಮಲ್ಟಿಮೀಟರ್, ಟೈಮಿಂಗ್ ಲೈಟ್ ಮತ್ತು ತಾಳ್ಮೆ ಸಾಕು. ಗಡಿಯಾರದ ಕೌಶಲ ಬೆಳೆದ ಊರಿನಲ್ಲಿ ಇಂತಹ ಕೆಲಸಕ್ಕೆ ಕೈಗಳ ಕೊರತೆ ಬರಬಾರದು. ಹಿರಿಯ ಮೆಕ್ಯಾನಿಕ್ ಒಬ್ಬರು ಮತ್ತು ಐ.ಟಿ.ಐ. ಮುಗಿಸಿದ ತರುಣರೊಬ್ಬರು ಒಟ್ಟಿಗೆ ಕುಳಿತು ನಾಲ್ಕಾರು ಡಿಸ್ಟ್ರಿಬ್ಯೂಟರುಗಳನ್ನು ಬಿಚ್ಚಿ ಜೋಡಿಸಿದರೆ, ಪುಸ್ತಕದಲ್ಲಿಲ್ಲದ ಎಷ್ಟೋ ವಿಷಯಗಳು ಮುಂದಿನ ತಲೆಮಾರಿಗೆ ದಾಟುತ್ತವೆ.

ಒಟ್ಟಿನಲ್ಲಿ, ಪ್ರದರ್ಶನಕ್ಕಷ್ಟೇ ಹೊರಬರುವ, ಮೂಲ ರೂಪದಲ್ಲಿರುವ ಕಾರಿಗೆ ಪಾಯಿಂಟೇ ಇರಲಿ. ಅದನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಸೆಟ್ ಮಾಡಿಸಬೇಕು. ಕುಟುಂಬದವರನ್ನು ಕೂರಿಸಿಕೊಂಡು ಊರಿಂದೂರಿಗೆ ಓಡುವ ಕಾರಿಗೆ, ಡಿಸ್ಟ್ರಿಬ್ಯೂಟರಿನ ದೋಷಗಳನ್ನು ಮೊದಲು ನಿವಾರಿಸಿ, ಎರಡನೆಯ ಬಗೆಯ ಕಿಟ್ ಹಾಕಿಸುವುದು ಸೂಕ್ತ. ಎರಡೂ ಸಂದರ್ಭಗಳಲ್ಲಿ ಮಾಡಿಸಿದ ಕೆಲಸದ ದಿನಾಂಕ, ಆಗಿನ ಕಿ.ಮೀ. ಮತ್ತು ಕೊಟ್ಟ ಹಣವನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದು ಕಾರಿನಲ್ಲಿಯೇ ಇಡಬೇಕು. ಮುಂದೆ ಕಾರು ಮಗನ ಕೈಗೆ ಹೋಗಲಿ, ಮಗಳ ಕೈಗೆ ಹೋಗಲಿ, ಕೊಳ್ಳುವವರ ಕೈಗೆ ಹೋಗಲಿ, ಆ ಪುಸ್ತಕವೂ ಡಿಕ್ಕಿಯಲ್ಲಿರುವ ಹಳೆಯ ಪಾಯಿಂಟ್ ಪ್ಲೇಟೂ ಕಾರಿನೊಂದಿಗೆ ಹೋಗಬೇಕು.